ಹಾಡಿಗೂ ಒಂದು ಪಹಣಿ ಬೇಕು

ಮೊನ್ನೆ ರಾತ್ರಿ ಊಟ ಮುಗಿಸಿ ಹಾಸ್ಟೆಲಿನ ಜಗುಲಿ ಮೇಲೆ ಕೂತಿದ್ದೆವು. ಪಿಯುಸಿ ಓದೋ ಹುಡುಗನೊಬ್ಬ ಮೊಬೈಲ್ ಹಿಡಿದುಕೊಂಡು ಓಡಿ ಬಂದ. 'ಅಣ್ಣಾ, ನಮ್ಮ ಹಾಡು ಬಂದೈತೆ ಕೇಳಿ' ಅಂದ. ಕೇಳಿದೆವು. ಹೌದು, ನಮ್ಮದೇ ಹಾಡು. ಮೆರವಣಿಗೆಯಲ್ಲಿ, ಧರಣಿಯಲ್ಲಿ, ಅಂಬೇಡ್ಕರ್ ಜಯಂತಿಯಲ್ಲಿ ತಮಟೆ ಬಡಿದುಕೊಂಡು ವರ್ಷಾನುಗಟ್ಟಲೆ ಹಾಡಿದ ಹಾಡು. ಯಾರೋ ಕೀಬೋರ್ಡು ಸೇರಿಸಿ ಸ್ಟುಡಿಯೋದಲ್ಲಿ ಹಾಡಿದ್ದಾರೆ. ಚೆನ್ನಾಗಿಯೇ ಹಾಡಿದ್ದಾರೆ, ಸುಳ್ಳು ಯಾಕೆ ಹೇಳೋಣ. ಹಾಡಿನ ಕೆಳಗೆ ಗಾಯಕರ ಹೆಸರಿದೆ. ಕಂಪನಿ ಹೆಸರಿದೆ. ಸಾಹಿತ್ಯ ಯಾರದು ಅನ್ನೋ ಕಡೆ ಒಂದೇ ಮಾತು ಇದೆ: 'ಸಾಂಪ್ರದಾಯಿಕ'.

ಸಾಂಪ್ರದಾಯಿಕ ಅಂದರೆ ಯಾರು ಕಟ್ಟಿದರೋ ಗೊತ್ತಿಲ್ಲ, ಕಾಲಾಂತರದಿಂದ ಬಂದದ್ದು, ಯಾರನ್ನೂ ಕೇಳಬೇಕಾಗಿಲ್ಲ ಅಂತ ಅರ್ಥ. ಆದರೆ ಆ ಹಾಡು ಕಟ್ಟಿದ ಅಜ್ಜಿ ಇನ್ನೂ ಬದುಕಿದ್ದಾಳೆ. ನಮ್ಮ ತಾಲ್ಲೂಕಿನ ಒಂದು ಕೇರಿಯಲ್ಲಿ, ಶೀಟ್ ಹೊದಿಸಿದ ಮನೆಯಲ್ಲಿ ಇದ್ದಾಳೆ. ಸ್ಮಶಾನದ ಜಾಗಕ್ಕಾಗಿ ನಮ್ಮ ಜನ ತಾಲ್ಲೂಕು ಕಚೇರಿ ಮುಂದೆ ಕೂತಿದ್ದಾಗ ಅಲ್ಲೇ ಕಟ್ಟಿ ಹಾಡಿದವಳು ಅವಳು.

ಇನ್ನೊಂದು ಸಂಗತಿ ಕೇಳಿ. ನಮ್ಮ ಸಭೆಯಲ್ಲಿ ನಾವೇ ಹಾಡಿದ್ದನ್ನು ಹುಡುಗರು ಯೂಟ್ಯೂಬಿಗೆ ಹಾಕಿದ್ದರು. ಅದಕ್ಕೊಂದು ಕ್ಲೇಮ್ ಬಂತು. ಈ ಹಾಡಿಗೆ ಬೇರೆ ಹಕ್ಕುದಾರರಿದ್ದಾರೆ ಅಂತ. ನಮ್ಮ ಹಾಡು ನಾವು ಹಾಡಿದ್ದಕ್ಕೆ ನಮಗೇ ನೋಟೀಸು!

ಸಿಟ್ಟು ಬಂತು. ಕಂಪನಿಯವರನ್ನು ಬಾಯಿಗೆ ಬಂದಂತೆ ಬೈದೆವು. ಬೈದು ಸುಸ್ತಾದ ಮೇಲೆ ನಮ್ಮಲ್ಲೇ ಒಬ್ಬ ಕೇಳಿದ: 'ನಮ್ಮ ಹಾಡಿನ ಪುಸ್ತಕದಲ್ಲಿ ಏನಂತ ಬರೆದಿದ್ದೀವಿ?' ಪುಸ್ತಕ ತೆಗೆದು ನೋಡಿದೆವು. ನಾವು ಬರೆದದ್ದು 'ಹೋರಾಟದ ಹಾಡು' ಅಂತ. ಅಷ್ಟೇ. ಅಜ್ಜಿಯ ಹೆಸರು ಅಲ್ಲೂ ಇರಲಿಲ್ಲ.

ಈ ಲೇಖನ ಆ ಕಂಪನಿಯನ್ನು ಬೈಯೋದಕ್ಕೆ ಬರೆದದ್ದಲ್ಲ. ನಮ್ಮನ್ನು ನಾವೇ ಕೇಳಿಕೊಳ್ಳೋದಕ್ಕೆ ಬರೆದದ್ದು.

ಪಹಣಿ ಅಂದರೆ ಏನು ಅಂತ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1974ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂತು. ಉಳುವವನಿಗೇ ಭೂಮಿ ಅಂದರು. ಫಾರಂ 7 ತುಂಬಿ ಅರ್ಜಿ ಹಾಕಿ ಅಂದರು. ಕಚೇರಿಯಲ್ಲಿ ಮೊದಲು ಕೇಳಿದ್ದು ಏನು? ಪಹಣಿಯಲ್ಲಿ ಸಾಗುವಳಿದಾರನ ಕಾಲಂನಲ್ಲಿ ನಿನ್ನ ಹೆಸರಿದೆಯಾ ಅಂತ. ಎಷ್ಟೋ ಕಡೆ ಅಲ್ಲಿ ಧಣಿ 'ಸ್ವಂತ' ಅಂತ ಬರೆಸಿಕೊಂಡಿದ್ದ. ಮೂರು ತಲೆಮಾರು ಬೆವರು ಸುರಿಸಿದವನು ಬರೀ ಬಾಯಿಮಾತಿನ ಸಾಕ್ಷಿ ಇಟ್ಟುಕೊಂಡು ಕಚೇರಿ ಬಾಗಿಲಲ್ಲಿ ನಿಂತ. ನೆಲ ಉತ್ತದ್ದು ಸುಳ್ಳಲ್ಲ, ಕಾಗದದಲ್ಲಿ ಇರಲಿಲ್ಲ ಅಷ್ಟೇ. ಅಷ್ಟಕ್ಕೇ ನೆಲ ಹೋಯಿತು.

ಹಾಡಿಗೂ ಇವತ್ತು ಅಂಥದೇ ಒಂದು ಪಹಣಿ ಇದೆ. ಅದಕ್ಕೆ ಮೆಟಾಡೇಟಾ ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ. ಹಾಡಿನ ಜೊತೆಗೆ ಹೋಗೋ ವಿವರ ಅಂತ ಅರ್ಥ. ಹಾಡಿನ ಹೆಸರು, ಬರೆದವರು, ರಾಗ ಹಾಕಿದವರು, ಹಾಡಿದವರು, ಬಾರಿಸಿದವರು, ಮುದ್ರಿಸಿದವರು, ವರ್ಷ, ಭಾಷೆ. ಫೋನಿನ ತೆರೆ ಮೇಲೆ ಕಾಣೋದು ಇದರಲ್ಲಿ ಸ್ವಲ್ಪ ಮಾತ್ರ. ಉಳಿದದ್ದು ಕಡತದ ಒಳಗೆ, ಕಂಪನಿಗಳ ಕಂಪ್ಯೂಟರುಗಳ ಒಳಗೆ ಇರುತ್ತದೆ. ಹಾಡನ್ನು ಎಲ್ಲೋ ಒಬ್ಬರು ಕೇಳಿದರೆ ಬರೋ ಮೂರು ಕಾಸು ಯಾರಿಗೆ ಹೋಗಬೇಕು ಅಂತ ತೀರ್ಮಾನ ಮಾಡೋದು ಈ ವಿವರ. ಕೇಳಿದವನ ಪ್ರೀತಿಯೂ ಅಲ್ಲ, ನ್ಯಾಯವೂ ಅಲ್ಲ.

ಈ ಕಾಲಂಗಳನ್ನು ಮಾಡಿದವರು ಯಾರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು ಅಂತ ನೋಡಿ. ಮೊಬೈಲ್ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿ ಕೊಟ್ಟು ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳುತ್ತಿದ್ದ ಕಾಲ ನೆನಪಿದೆಯಲ್ಲ? ಆ ಎಂಪಿತ್ರೀ ಕಡತದ ಬಾಲಕ್ಕೆ ಒಂದು ಚೀಟಿ ಅಂಟಿಸೋ ಪದ್ಧತಿ 1996ರಲ್ಲಿ ಬಂತು. ಐಡಿತ್ರೀ ಅಂತ ಅದರ ಹೆಸರು. ಬರೀ 128 ಬೈಟು ಜಾಗ. ಹಾಡಿನ ಹೆಸರಿಗೆ 30 ಅಕ್ಷರ, ಹಾಡಿದವರಿಗೆ 30, ಆಲ್ಬಂಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30. ಬರೆದವರಿಗೆ? ಕಾಲಮೇ ಇಲ್ಲ. ಕನ್ನಡ ಅಕ್ಷರಕ್ಕೂ ಅಲ್ಲಿ ಜಾಗ ಇರಲಿಲ್ಲ. 1998ರಲ್ಲಿ ಬಂದ ಎರಡನೇ ಪದ್ಧತಿಯಲ್ಲಿ ಸಾಹಿತಿಗೆ, ಸಂಯೋಜಕರಿಗೆ ಬೇರೆ ಬೇರೆ ಕಾಲಂ ಮಾಡಿದರು. ಆದರೆ ಕಾಲಂ ಇದ್ದರೆ ಸಾಕೇ? ಅದನ್ನು ತುಂಬೋ ಕೈ ಯಾವುದು ಅನ್ನೋದು ಮುಖ್ಯ. ಅಂಗಡಿಯವನು ತುಂಬಲಿಲ್ಲ. ನಾವೂ ತುಂಬಲಿಲ್ಲ. 'ಟ್ರ್ಯಾಕ್ 01, ಕಲಾವಿದರು ಗೊತ್ತಿಲ್ಲ' ಅಂತಲೇ ನಮ್ಮ ಹಾಡುಗಳು ಊರೂರು ತಿರುಗಿದವು.

ಈಗ ನಂಬರುಗಳ ಕಾಲ. ಒಂದು ವಿಷಯ ಚೆನ್ನಾಗಿ ತಿಳಿದುಕೊಳ್ಳಬೇಕು. ಒಂದು ಹಾಡಿನಲ್ಲಿ ಎರಡು ಆಸ್ತಿ ಇದೆ. ಕಟ್ಟಿದ ಹಾಡು ಒಂದು, ಅಂದರೆ ಮಾತು ಮತ್ತು ರಾಗ. ಅದನ್ನು ಹಾಡಿ ಮುದ್ರಿಸಿದ್ದು ಇನ್ನೊಂದು. ಮುದ್ರಿಸಿದ್ದಕ್ಕೆ ಐಎಸ್‌ಆರ್‌ಸಿ ಅನ್ನೋ 12 ಅಕ್ಷರ-ಅಂಕಿಗಳ ಗುರುತು ಕೊಡುತ್ತಾರೆ. ಕಟ್ಟಿದ ಹಾಡಿಗೆ ಐಎಸ್‌ಡಬ್ಲ್ಯುಸಿ ಅಂತ ಬೇರೆಯೇ ಗುರುತು. ಒಂದೇ ಹಾಡನ್ನು ಹತ್ತು ಜನ ಹತ್ತು ಸಲ ಮುದ್ರಿಸಿದರೆ ಮೊದಲನೇ ಗುರುತು ಹತ್ತು ಆಗುತ್ತದೆ, ಎರಡನೆಯದು ಒಂದೇ. ಸ್ಟುಡಿಯೋಗೆ ದುಡ್ಡು ಕೊಟ್ಟವನು ಮೊದಲನೆಯದನ್ನು ಮರೆಯದೆ ಮಾಡಿಸಿಕೊಳ್ಳುತ್ತಾನೆ. ಎರಡನೆಯದು ಕಟ್ಟಿದವರದ್ದು. ಅದನ್ನು ಕೇಳೋಕೆ ಯಾರೂ ಹೋಗೋದಿಲ್ಲ. ಯಾಕೆಂದರೆ ಕಟ್ಟಿದವರು ಗದ್ದೆಯಲ್ಲಿ ಕಳೆ ಕೀಳುತ್ತಿರುತ್ತಾರೆ.

ಹೆಸರು ಸೇರದೆ ಉಳಿದ ದುಡ್ಡು ಎಷ್ಟಿರಬಹುದು? ಅಮೆರಿಕದ ಒಂದು ಲೆಕ್ಕ ಹೇಳುತ್ತೇವೆ. ಅಲ್ಲಿ ಹಾಡು ಕಟ್ಟಿದವರ ರಾಯಲ್ಟಿ ಹಂಚೋಕೆ ಹೊಸ ಸಂಸ್ಥೆಯೊಂದು ಕೆಲಸ ಶುರು ಮಾಡಿತು. 2021ರ ಫೆಬ್ರವರಿಯಲ್ಲಿ ಹಾಡು ಕೇಳಿಸೋ ಕಂಪನಿಗಳು ಅದಕ್ಕೆ 42 ಕೋಟಿ 40 ಲಕ್ಷ ಡಾಲರಿಗೂ ಹೆಚ್ಚು ಹಣ ತಂದು ಒಪ್ಪಿಸಿದವು. ಅಷ್ಟೂ ಹಣ ಯಾರ ಹಾಡಿನದು ಅಂತ ಹೊಂದಾಣಿಕೆ ಆಗದೆ ಕೊಳೆಯುತ್ತಿದ್ದದ್ದು. ಕಾಗದ, ಕಂಪ್ಯೂಟರು, ವಕೀಲರು ಎಲ್ಲ ಇರೋ ದೇಶದಲ್ಲೇ ಹೀಗೆ.

ಇನ್ನು ನಮ್ಮಂಥವನೇ ಒಬ್ಬನ ಕಥೆ. ದಕ್ಷಿಣ ಆಫ್ರಿಕದ ಸಾಲೊಮನ್ ಲಿಂಡ. ಜುಲು ಜನಾಂಗದವನು, ಹಳ್ಳಿಯಿಂದ ಜೊಹಾನ್ಸ್‌ಬರ್ಗಿಗೆ ಕೂಲಿಗೆ ಬಂದವನು. ರೆಕಾರ್ಡ್ ಕಂಪನಿಯ ಗೋದಾಮಿನಲ್ಲಿ ರೆಕಾರ್ಡ್ ಪ್ಯಾಕು ಮಾಡೋ ಕೆಲಸ. 1939ರಲ್ಲಿ ತನ್ನ ತಂಡದ ಜೊತೆ 'ಎಂಬೂಬೆ' ಅಂತ ಒಂದು ಹಾಡು ಹಾಡಿ ಮುದ್ರಿಸಿದ. ಎಂಬೂಬೆ ಅಂದರೆ ಸಿಂಹ. ಅವನಿಗೆ ಸಿಕ್ಕಿದ್ದು ಹತ್ತು ಷಿಲಿಂಗು ಅಂತ ಹೇಳುತ್ತಾರೆ. ಆ ರೆಕಾರ್ಡು ಅಮೆರಿಕಕ್ಕೆ ಹೋಯಿತು. ಅಲ್ಲಿ ಅದನ್ನು ಹಾಡಿದವರು ಯಾರು ಗೊತ್ತೇ? ಪೀಟ್ ಸೀಗರ್ ಮತ್ತು ಅವರ ಗೆಳೆಯರು. ಕೂಲಿಕಾರರ ಪರ, ಕರಿಯರ ಪರ ಜೀವಮಾನವಿಡೀ ಹಾಡಿದ ದೊಡ್ಡ ಮನುಷ್ಯ ಸೀಗರ್. ಅವರು ಅದನ್ನು ಜುಲು ಜನರ ಹಳೆಯ ಜಾನಪದ ಹಾಡು ಅಂದುಕೊಂಡರು. ಹಾಡಿನ ಮೇಲೆ 'ಪಾಲ್ ಕ್ಯಾಂಬೆಲ್' ಅಂತ ಹೆಸರು ಬಿತ್ತು. ಆ ಹೆಸರಿನ ಮನುಷ್ಯ ಇರಲೇ ಇಲ್ಲ, ಅದು ಕಾಗದದ ಮೇಲಿನ ಹೆಸರು. 1961ರಲ್ಲಿ ಇನ್ನೊಂದು ತಂಡ ಇಂಗ್ಲಿಷ್ ಮಾತು ಸೇರಿಸಿ ಹಾಡಿದಾಗ ಅದು ಜಗತ್ತಿಗೆಲ್ಲ ಹಬ್ಬಿತು. 1962ರಲ್ಲಿ ಲಿಂಡ ಬಡವನಾಗಿಯೇ ಸತ್ತ. ಅವನ ಗೋರಿಗೆ ಒಂದು ಕಲ್ಲು ನಿಲ್ಲಿಸೋಕೆ ಹದಿನೆಂಟು ವರ್ಷ ಬೇಕಾಯಿತು. ಅವನ ಮಕ್ಕಳ ಪರವಾಗಿ 2004ರಲ್ಲಿ ಕೋರ್ಟಿಗೆ ಹೋದರು. 2006ರಲ್ಲಿ ರಾಜಿಯಾಯಿತು, ಅವನ ಹೆಸರೂ ಹಾಡಿನ ಮೇಲೆ ಬಂತು. ಅಷ್ಟರಲ್ಲಿ ಅರುವತ್ತೇಳು ವರ್ಷ ಕಳೆದಿತ್ತು.

ಇದನ್ನು ಇಷ್ಟು ಉದ್ದ ಯಾಕೆ ಹೇಳಿದೆವು? ಲಿಂಡನ ಹೆಸರು ಅಳಿಸಿದವರಲ್ಲಿ ವ್ಯಾಪಾರಿಗಳಷ್ಟೇ ಇರಲಿಲ್ಲ. ಅವನ ಜನರನ್ನು ಪ್ರೀತಿಸಿದವರೂ ಇದ್ದರು. ಸೀಗರ್ ಆಮೇಲೆ ಅವನಿಗೆ ಹಣ ಕಳಿಸಿದ್ದೂ ಉಂಟು. ಆದರೆ 'ಇದು ಜನರ ಹಾಡು' ಅನ್ನೋ ಒಳ್ಳೆಯ ಮಾತಿನ ಅಡಿಯಲ್ಲಿ ಒಬ್ಬ ಮನುಷ್ಯ ಸಿಕ್ಕಿ ನಜ್ಜುಗುಜ್ಜಾದ. ನಾವು ನಮ್ಮ ಅಜ್ಜಿಗೆ ಮಾಡಿದ್ದೂ ಅದೇ ಅಲ್ಲವೇ?

ನಮ್ಮಲ್ಲಿ ಕೆಲವು ಹಿರಿಯ ಗೆಳೆಯರು ವಾದ ಮಾಡುತ್ತಾರೆ. 'ಹಾಡು ಸಮುದಾಯದ ಸ್ವತ್ತು ಕಣ್ರಯ್ಯ, ಅದಕ್ಕೆ ಹೆಸರು, ಹಕ್ಕು, ಪಾಲು ಅಂತ ಹಚ್ಚೋದು ಬಂಡವಾಳಶಾಹಿ ಬುದ್ಧಿ' ಅಂತ. ಅವರ ಮೇಲೆ ನಮಗೆ ಗೌರವವಿದೆ, ಆದರೆ ಈ ಮಾತು ಒಪ್ಪೋದಕ್ಕೆ ಆಗೋದಿಲ್ಲ. ಹಾಡು ಎಲ್ಲರೂ ಹಾಡಲಿ. ಧರಣಿಯಲ್ಲಿ ಹಾಡೋಕೆ ಯಾರೂ ಯಾರಿಗೂ ಕಾಸು ಕೊಡಬೇಕಾಗಿಲ್ಲ ಅಂತ ಕಟ್ಟಿದವರೇ ಹೇಳುತ್ತಾರೆ. ಆದರೆ ಹೆಸರು ಬರೆಯದೆ ಬಿಟ್ಟ ಹಾಡು ಸಮುದಾಯದ ಕೈಲಿ ಉಳಿಯೋದಿಲ್ಲ. ಊರ ಗೋಮಾಳ ಯಾರದೂ ಅಲ್ಲ ಅಂತ ಬಿಟ್ಟರೆ ಏನಾಗುತ್ತದೆ? ಬಲ ಇರೋನು ಬೇಲಿ ಹಾಕಿಕೊಳ್ಳುತ್ತಾನೆ. ಹಾಡಿನಲ್ಲೂ ಅಷ್ಟೇ.

ಮತ್ತೆ 'ಜಾನಪದ' ಅನ್ನೋ ಮಾತನ್ನು ಯಾರ ಹಾಡಿಗೆ ಬಳಸುತ್ತಾರೆ ನೋಡಿ. ಪುರಂದರದಾಸರ ಕೃತಿ ಅಂದರೆ ಹೆಸರು ಹೇಳಿಯೇ ಹಾಡುತ್ತಾರೆ. ಕೇರಿಯ ಹೆಂಗಸು ಕಟ್ಟಿದ್ದು ಮಾತ್ರ ತಾನಾಗಿ ಹುಲ್ಲು ಬೆಳೆದಂತೆ ಬೆಳೆದದ್ದು! ನಮ್ಮ ಜನಕ್ಕೆ ಹೆಸರಿಡೋ ಪರಂಪರೆ ಇರಲಿಲ್ಲವೇ? ಮಾದಾರ ಚೆನ್ನಯ್ಯ ತನ್ನ ಕಸುಬಿನ ಉಳಿ, ಕತ್ತಿಯನ್ನೇ ಅಂಕಿತದೊಳಗೆ ಇಟ್ಟ. ಉರಿಲಿಂಗಪೆದ್ದಿಯ ಹೆಂಡತಿ ಕಾಳವ್ವೆ ತನ್ನ ವಚನಕ್ಕೆ 'ಉರಿಲಿಂಗಪೆದ್ದಿಗಳರಸ' ಅಂತ ಅಂಕಿತ ಹಾಕಿದಳು. ಎಂಟುನೂರು ವರ್ಷ ಆದರೂ ಆ ವಚನ ಅವಳದೇ. ಅಂಕಿತ ಹಾಡಿನ ಒಳಗೇ ಹೊಲಿದ ಹೆಸರು. ಯಾರು ಹಾಡಿದರೂ ಕೊನೆಗೆ ಅದನ್ನು ಹೇಳದೆ ಮುಗಿಸೋಕೆ ಆಗೋದಿಲ್ಲ.

ಇನ್ನೊಬ್ಬಳನ್ನು ನೆನೆಯಬೇಕು. ಗೌಹರ್ ಜಾನ್. ಸಭ್ಯಸ್ಥರು ಮುಖ ಸಿಂಡರಿಸುತ್ತಿದ್ದ ತವಾಯಫ್ ವೃತ್ತಿಯ ಗಾಯಕಿ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದಳು. ಹಾಡು ಮುಗಿದ ಕೂಡಲೇ ತನ್ನ ಹೆಸರು ಗೌಹರ್ ಜಾನ್ ಅಂತ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದಳು. ರೆಕಾರ್ಡು ಅಚ್ಚಾಗುತ್ತಿದ್ದದ್ದು ದೂರದ ಜರ್ಮನಿಯಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾರ ಹಾಡು ಅಂತ ತಿಳಿದು ಸರಿಯಾದ ಚೀಟಿ ಅಂಟಿಸಬೇಕಲ್ಲ, ಅದಕ್ಕೆ. ಇಪ್ಪತ್ತೇಳು ವರ್ಷಗಳ ಮೇಲೆ, 1930ರ ಜನವರಿಯಲ್ಲಿ, ಅವಳು ನಮ್ಮ ಮೈಸೂರಿನಲ್ಲೇ ತೀರಿಹೋದಳು. ಕೊನೆಗಾಲದಲ್ಲಿ ಸಂಪತ್ತು ಉಳಿಯಲಿಲ್ಲ. ಆದರೆ ಇವತ್ತಿಗೂ ಆ ರೆಕಾರ್ಡು ಹಾಕಿದರೆ ಅವಳ ಹೆಸರನ್ನು ಅವಳ ಬಾಯಿಂದಲೇ ಕೇಳಬಹುದು. ಅದನ್ನು ಅಳಿಸೋಕೆ ಯಾವ ಕಂಪನಿಗೂ ಆಗಿಲ್ಲ.

ಇವೆಲ್ಲ ಹಳೇ ಕಥೆ ಅನ್ನಬೇಡಿ. 2021ರಲ್ಲಿ ತಮಿಳಿನ 'ಎಂಜಾಯ್ ಎಂಜಾಮಿ' ಹಾಡನ್ನು ನೀವೆಲ್ಲ ಕುಣಿದು ಕೇಳಿದ್ದೀರಿ. ಅದನ್ನು ಬರೆದು ಹಾಡಿದವನು ದಲಿತ ಕವಿ ಅರಿವು. ನೆಲವಿಲ್ಲದೆ ಚಹಾ ತೋಟದಲ್ಲಿ ದುಡಿದ ಅಜ್ಜಿ ವಳ್ಳಿಯಮ್ಮಾಳ್ ಬದುಕಿನಿಂದ ಬಂದ ಹಾಡು ಅದು. ಆ ವರ್ಷದ ಆಗಸ್ಟಿನಲ್ಲಿ ರೋಲಿಂಗ್ ಸ್ಟೋನ್ ಇಂಡಿಯಾ ಪತ್ರಿಕೆಯ ಮುಖಪುಟದಲ್ಲಿ ಜೊತೆಗೆ ಹಾಡಿದ ಗಾಯಕಿ ಇದ್ದಳು, ಅರಿವು ಇರಲಿಲ್ಲ. ನಿರ್ದೇಶಕ ಪಾ. ರಂಜಿತ್ ಮತ್ತು ಬಹಳ ಜನ ದನಿ ಎತ್ತಿದ ಮೇಲೆ ಅವನ ಚಿತ್ರದ ಮುಖಪುಟವೂ ಬಂತು. 2024ರಲ್ಲಿ ಅದೇ ಹಾಡಿನ ಸಂಗೀತಗಾರರು ತಮಗೆ ಅದರಿಂದ ಒಂದು ಕಾಸೂ ಬಂದಿಲ್ಲ ಅಂತ ಬಹಿರಂಗವಾಗಿ ಹೇಳಿದರು. ಅಷ್ಟು ಹೆಸರಾದವರ ಪಾಡೇ ಇದು.

ಈಗ ಕಾನೂನು. ಬಾಬಾಸಾಹೇಬರು ಓದಿ ಅಂದದ್ದು ಪರೀಕ್ಷೆಗೆ ಮಾತ್ರ ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ಎ ಕಲಂ ಓದಿ ನೋಡಿ. ಧ್ವನಿಮುದ್ರಣದ ಮೇಲೆ ಮುದ್ರಿಸಿದವರ ಹೆಸರು-ವಿಳಾಸ, ಹಕ್ಕಿನ ಮಾಲೀಕರ ಹೆಸರು-ವಿಳಾಸ, ಮೊದಲು ಪ್ರಕಟವಾದ ವರ್ಷ ಹಾಕಲೇಬೇಕು ಅನ್ನುತ್ತದೆ. ಹಾಡು ಕಟ್ಟಿದವರ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಮಾಲೀಕನ ಕಾಲಂ ಇದೆ, ಸಾಗುವಳಿದಾರನ ಕಾಲಂ ಇಲ್ಲ!

ಹಾಗಂತ ಕಾನೂನಿನಲ್ಲಿ ನಮಗೇನೂ ಇಲ್ಲ ಅಂತಲ್ಲ. 55ನೇ ಕಲಂ ಪ್ರಕಾರ ಪ್ರಕಟವಾದ ಪ್ರತಿಯ ಮೇಲೆ ಕರ್ತೃ ಅಂತ ಯಾರ ಹೆಸರಿದೆಯೋ, ಹಕ್ಕಿನ ದಾವೆಯಲ್ಲಿ ಅವರನ್ನೇ ಕರ್ತೃ ಅಂತ ಕೋರ್ಟು ಭಾವಿಸುತ್ತದೆ. ಸುಳ್ಳು ಅನ್ನೋನೇ ಅದನ್ನು ಸಾಬೀತು ಮಾಡಬೇಕು. ಅಂದರೆ ನಾವು ಹತ್ತು ರೂಪಾಯಿಗೆ ಮಾರೋ ಹಾಡಿನ ಪುಸ್ತಕದಲ್ಲಿ ಅಜ್ಜಿಯ ಹೆಸರು ಅಚ್ಚಾಗಿದ್ದರೆ ಅದೇ ಒಂದು ದಾಖಲೆ ಆಗುತ್ತಿತ್ತು. 57ನೇ ಕಲಂ ಪ್ರಕಾರ ಹಕ್ಕು ಮಾರಿದ ಮೇಲೂ 'ಇದು ನಾನು ಕಟ್ಟಿದ್ದು' ಅನ್ನೋ ಹಕ್ಕು ಕಟ್ಟಿದವರಲ್ಲೇ ಉಳಿಯುತ್ತದೆ. 2012ರ ತಿದ್ದುಪಡಿ ಇನ್ನೂ ಮುಂದೆ ಹೋಯಿತು. ಧ್ವನಿಮುದ್ರಣಕ್ಕೆ ಕೊಟ್ಟ ಸಾಹಿತ್ಯ, ಸಂಗೀತದ ರಾಯಲ್ಟಿಯಲ್ಲಿ ಕಟ್ಟಿದವರಿಗೆ ಸಮಪಾಲು ಇದೆ, ಕಂಪನಿಯವನು ಅದನ್ನು ಬಿಟ್ಟುಕೊಟ್ಟೆ ಅಂತ ಬರೆಸಿಕೊಂಡರೂ ನಡೆಯೋದಿಲ್ಲ ಅಂತ ಮಾಡಿತು. ಹಾಡಿದವರು, ಬಾರಿಸಿದವರು ತಮ್ಮನ್ನು ಗುರುತಿಸಿ ಅಂತ ಕೇಳಬಹುದು, ತಮಟೆಯವನೂ ಕೇಳಬಹುದು. ಹಾಡಿನ ಜೊತೆಗಿರೋ ಹಕ್ಕಿನ ವಿವರವನ್ನು ಗೊತ್ತಿದ್ದೂ ಅಧಿಕಾರವಿಲ್ಲದೆ ಅಳಿಸಿದರೆ, ತಿದ್ದಿದರೆ ಎರಡು ವರ್ಷದವರೆಗೆ ಜೈಲು, ದಂಡ. ಅದು 65ಬಿ ಕಲಂ. ಆದರೆ ಗೆಳೆಯರೇ, ಅಳಿಸಿದರು ಅಂತ ದೂರು ಕೊಡಬೇಕಾದರೆ ಮೊದಲು ಬರೆದಿರಬೇಕಲ್ಲ!

ಹಾಗಾದರೆ ಏನು ಮಾಡೋಣ? ಕೆಲವು ಕೆಲಸ ನಾಳೆಯಿಂದಲೇ ಶುರು ಮಾಡಬಹುದು.

ಪ್ರತಿ ಹಾಸ್ಟೆಲಿನ ತಂಡವೂ ಒಂದು ದಪ್ಪ ನೋಟ್‌ಬುಕ್ ಇಡಲಿ. ಯಾವ ಹಾಡು, ಯಾರು ಕಟ್ಟಿದ್ದು, ಧಾಟಿ ಯಾರದು, ಯಾವ ಊರಲ್ಲಿ, ಯಾವ ಹೋರಾಟದಲ್ಲಿ, ಯಾರಿಂದ ಕಲಿತದ್ದು ಅಂತ ತಾರೀಖು ಹಾಕಿ ಬರೆಯಲಿ. ಕಟ್ಟಿದವರು ನಿಜಕ್ಕೂ ಗೊತ್ತಿಲ್ಲದಿದ್ದರೆ 'ಇಂಥ ಊರಿನ ಇಂಥವರಿಂದ ಕಲಿತದ್ದು' ಅಂತಾದರೂ ಬರೆಯಲಿ. ಬರೀ 'ಸಾಂಪ್ರದಾಯಿಕ' ಅಂತ ಬರೆದು ಕೈತೊಳೆದುಕೊಳ್ಳೋದು ಬೇಡ.

ಮೊಬೈಲಿನಲ್ಲಿ ಯಾರ ಹಾಡು ಹಿಡಿದರೂ ಗೌಹರ್ ಜಾನ್ ಮಾಡಿದ್ದನ್ನು ಮಾಡಿ. ಅವರ ಹೆಸರು, ಊರು, ತಾರೀಖನ್ನು ಅವರ ಬಾಯಿಂದಲೇ ಹೇಳಿಸಿ, ಆಮೇಲೆ ಹಾಡಿಸಿ.

ಹೆಸರನ್ನು ಒಂದೇ ಥರ ಬರೆಯಿರಿ. ನಮ್ಮ ಹೆಸರುಗಳು ಶಾಲೆಗೆ ಸೇರಿಸುವಾಗಲೇ ಕೆಟ್ಟವು. ಲಕ್ಕಮ್ಮ ಒಂದು ಕಡೆ ಲಚ್ಚಮ್ಮ, ಇನ್ನೊಂದು ಕಡೆ ಲಕ್ಷ್ಮಮ್ಮ. ಮೇಷ್ಟ್ರು ಬರೆದದ್ದೇ ಹೆಸರು. ಕಂಪ್ಯೂಟರಿಗೆ ಇವು ಮೂರು ಹೆಂಗಸರು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇರುವ ಹಾಗೆಯೇ ಬರೆಯಿರಿ.

ಹಾಡನ್ನು ಆನ್‌ಲೈನಿಗೆ ಕಳಿಸುವಾಗ ಸಾಹಿತ್ಯ, ಸಂಗೀತದ ಕಾಲಂ ಖಾಲಿ ಬಿಡಬೇಡಿ. ಯಾರ ಪಾಲು ಎಷ್ಟು ಅಂತ ಮೊದಲೇ ಕೂತು ಮಾತಾಡಿ, ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ದುಡ್ಡು ಬಂದ ಮೇಲೆ ಮಾತಾಡೋಣ ಅಂದರೆ ಗೆಳೆತನವೂ ಉಳಿಯೋದಿಲ್ಲ. ಓದದೆ ಯಾವ ಕಾಗದಕ್ಕೂ ಸಹಿ ಮಾಡಬೇಡಿ, ಮಾಡಿಸಲೂ ಬೇಡಿ. ಹೆಬ್ಬೆಟ್ಟು ಒತ್ತಿ ಕಳೆದುಕೊಂಡದ್ದು ಸಾಕು. ಹಾಡು ಕಟ್ಟಿದವರ ರಾಯಲ್ಟಿ ವಸೂಲಿ ಮಾಡೋಕೆ 1969ರಲ್ಲಿ ಶುರುವಾದ ಐಪಿಆರ್‌ಎಸ್ ಅನ್ನೋ ಸಂಸ್ಥೆ ಇದೆ. ಅದಕ್ಕೆ ಸದಸ್ಯರಾಗೋದು ಹೇಗೆ ಅಂತ ಕಾನೂನು ಓದುತ್ತಿರೋ ಗೆಳೆಯರು ಉಳಿದವರಿಗೆ ಹೇಳಿಕೊಡಲಿ.

ಒಂದು ಎಚ್ಚರವೂ ಬೇಕು. ಹಾಡು ಕಟ್ಟಿದ್ದಕ್ಕೇ ಊರಲ್ಲಿ ಏಟು ತಿಂದವರು ನಮ್ಮಲ್ಲಿ ಇದ್ದಾರೆ. ಹೆಸರು ಹಾಕಬೇಡಿ ಅಂದರೆ ಹಾಕಬಾರದು, ಅಂಕಿತ ಇಟ್ಟುಕೊಳ್ಳಲಿ. ಅವರಾಗಿಯೇ ಹೆಸರು ಮರೆಸಿಕೊಳ್ಳೋದು ಬೇರೆ, ಇನ್ನೊಬ್ಬರು ಅಳಿಸಿಹಾಕೋದು ಬೇರೆ.

ಕೊನೆಗೆ ಅಜ್ಜಿಯ ಮಾತು. ಹೋದ ಭಾನುವಾರ ನಾವು ನಾಲ್ಕು ಜನ ನೋಟ್‌ಬುಕ್ ಹಿಡಿದು ಅವಳ ಮನೆಗೆ ಹೋದೆವು. 'ಅಜ್ಜಿ, ನಿನ್ನ ಹಾಡಿಗೆ ನಿನ್ನ ಹೆಸರು ಬರಕಬೇಕು' ಅಂದೆವು. ನಕ್ಕಳು. 'ನನ್ನೆಸ್ರು ಬರ್ಕಳಕ್ಕೆ ಸಾಲದೋರು ಬಂದವ್ರೆ, ಪೋಲೀಸ್ನೋರು ಬಂದವ್ರೆ. ಹಾಡಿಗೆ ಅಂತ ಬಂದೋರು ನೀವೇ ಕಣ್ರಪ್ಪ ಮೊದ್ಲು' ಅಂದಳು. ನಮಗೆ ತಲೆ ಎತ್ತೋಕೆ ಆಗಲಿಲ್ಲ. ಆಮೇಲೆ ಅವಳೇ ಹೇಳಿದಳು. 'ನಂದೊಂದೇ ಬರೀಬ್ಯಾಡಿ. ಎರಡ್ನೇ ನುಡಿ ನಮ್ಮಕ್ಕ ಕಟ್ಟಿದ್ದು. ಸತ್ತೋಗವ್ಳೆ. ನಾಕ್ನೇದು ನೀವೇ ಯಾರೋ ಸೇರಿಸ್ಕಂಡಿದ್ದೀರಿ, ಅದು ನಂದಲ್ಲ. ಧಾಟಿ ನಮ್ಮವ್ವ ರಾಗಿ ಬೀಸ್ತಾ ಹಾಡ್ತಿದ್ದದ್ದು.'

ನೋಡಿದಿರಾ? ಓದಲು ಬಾರದ ಆ ಅಜ್ಜಿಯ ತಲೆಯೊಳಗೆ ಪಹಣಿ ಪೂರ್ತಿ ಇದೆ. ಕಾಲಂ ಕಾಲಂ ಸರಿಯಾಗಿ ಇದೆ. ಅಕ್ಷರ ಕಲಿತ ನಾವು ಅದನ್ನು 'ಹೋರಾಟದ ಹಾಡು' ಅಂತ ಎರಡು ಪದದಲ್ಲಿ ಮುಗಿಸಿದ್ದೆವು.

ಅವಳ ಹೆಸರನ್ನು ಈ ಲೇಖನದಲ್ಲಿ ಯಾಕೆ ಹಾಕಿಲ್ಲ ಅಂತ ನೀವು ಕೇಳಬಹುದು. 'ಅಕ್ಕನ ಮಕ್ಕಳನ್ನ ಒಂದು ಮಾತು ಕೇಳ್ತೀನಿ, ಹಾಕೋದಾದ್ರೆ ಇಬ್ಬರ್ದೂ ಒಟ್ಟಿಗೇ ಹಾಕಿ' ಅಂದಿದ್ದಾಳೆ. ಅವರು ಒಪ್ಪಿದ ದಿನ ಹಾಡಿನ ಪುಸ್ತಕದ ಹೊಸ ಅಚ್ಚಿನಲ್ಲಿ ಎರಡೂ ಹೆಸರು ಹಾಡಿನ ತಲೆಯ ಮೇಲೆ ಬರುತ್ತವೆ. ಅವರ ಅವ್ವನ ಹೆಸರೂ ಬರುತ್ತದೆ.

ಅಲ್ಲಿಯವರೆಗೆ ನಿಮ್ಮ ನಿಮ್ಮ ಊರಿಗೆ ರಜಕ್ಕೆ ಹೋದಾಗ ಒಂದು ನೋಟ್‌ಬುಕ್ ತೆಗೆದುಕೊಂಡು ಹೋಗಿ. ಅವ್ವನನ್ನು, ಅಜ್ಜಿಯನ್ನು, ತಮಟೆ ಮಾವನನ್ನು ಕೇಳಿ. ಅವರು ಇರುವಾಗಲೇ ಕೇಳಿ.

ಜೈಭೀಮ್.